ಅವ್ವ ಬಿಟ್ಟುಬಿಡುತ್ತಿದ್ದ ಸಾಲು

ಹುಬ್ಬಳ್ಳಿಯ ಘಂಟಿಕೇರಿಯಿಂದ ಬಹಳ ದೂರವಿಲ್ಲದ ಒಂದು ಓಣಿಯಲ್ಲಿ ನಮ್ಮ ಮನೆ. ಸಂಜೆ ಹಿಂದಿನ ಓಣಿಯ ಮಸೀದಿಯಿಂದ ಅಜಾನ್ ಕೇಳಿಸಿದೊಡನೆ ಅವ್ವ ಟೀವಿ ಬಂದ್ ಮಾಡಿಸುತ್ತಾಳೆ. ಅಜಾನ್ ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಮುಗಿದ ಮೇಲೆ ಚಾಪೆ ಹಾಸಿ ನಾವೆಲ್ಲ ಪ್ರಾರ್ಥನೆಗೆ ಕೂಡುತ್ತೇವೆ. ಬೈಬಲಿನಿಂದ ಒಂದು ಭಾಗ, ಒಂದು ಹಾಡು, ಕೊನೆಗೆ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ. ಹೆಚ್ಚೆಂದರೆ ಹದಿನೈದು ನಿಮಿಷ. ನಡುವೆ ಕುಕ್ಕರ್ ಸೀಟಿ ಹೊಡೆದರೆ ಒಬ್ಬರು ಎದ್ದು ಹೋಗಿ ಬರುವುದೂ ಉಂಟು.

ಈ ಬರಹದಲ್ಲಿ 'ನಾವು' ಎಂದರೆ ಗಂಡ ಹೆಂಡತಿ ಇಬ್ಬರೂ. ತಪ್ಪು ಇಬ್ಬರದೂ ಆದದ್ದರಿಂದ ಇಬ್ಬರೂ ಕೂತು ಬರೆಯುವುದೇ ಸರಿ ಎನ್ನಿಸಿತು.

ನಮ್ಮದು ಬಾಸೆಲ್ ಮಿಶನ್ ಮನೆತನ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಹೊರಟ ಆ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಧಾರವಾಡದ ಹೆಸರಿನ ಕಾಲೇಜಿನಿಂದ ಎಲ್ಲರಿಗೂ ಗೊತ್ತಿರುವ ಕಿಟೆಲ್ ಇದೇ ಮಿಶನ್ನಿನ ಪಾದ್ರಿ. 1853ರಲ್ಲಿ ಈ ನಾಡಿಗೆ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಮ್ಮ ಮುತ್ತಜ್ಜ ಮಿಶನ್ ಶಾಲೆಯ ಮಾಸ್ತರರಾಗಿದ್ದರಂತೆ. 1914ರ ಮಹಾಯುದ್ಧ ಶುರುವಾಗಿ ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟಾಗ, 'ದೊರೆಗಳು ಹೋದರೂ ಚಾಪಿ ಹೋಗಲಿಲ್ಲ' ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಪಾದ್ರಿಗಳು ಇಲ್ಲದಿದ್ದರೂ ಮನೆಮನೆಯ ಪ್ರಾರ್ಥನೆ ನಿಲ್ಲಲಿಲ್ಲ ಎಂಬುದು ಅವಳ ಮಾತಿನ ಅರ್ಥ. ಆ ಹೆಮ್ಮೆ ನಮಗೂ ಇತ್ತು. ನಾಲ್ಕು ತಲೆಮಾರು ಚಾಪೆ ಹಾಸಿದವರಿಗೆ ಹೊಸದಾಗಿ ಕಲಿಯುವುದು ಏನಿದ್ದೀತು ಎಂದೇ ನಾವು ತಿಳಿದಿದ್ದೆವು.

2024ರ ಮಳೆಗಾಲದ ಒಂದು ಸಂಜೆ, ಪ್ರಾರ್ಥನೆ ಮುಗಿದ ಮೇಲೆ, ಆರನೇ ಇಯತ್ತೆಯಲ್ಲಿದ್ದ ಮಗಳು ಅಡಿಗೆಮನೆಗೆ ಬಂದು ಮೆಲ್ಲಗೆ ಹೇಳಿದಳು: "ಅಜ್ಜಿ ಒಂದ ಸಾಲು ಬಿಟ್ಟಬಿಡ್ತಾಳ. ದಿನಾ."

ಮರೆವು ಇರಬೇಕು ಎಂದುಕೊಂಡೆವು. ಅವ್ವನಿಗೆ ಆಗ ಎಪ್ಪತ್ತೆಂಟು. ಆದರೆ ಮರುದಿನ ಕಿವಿಗೊಟ್ಟು ಕೇಳಿದಾಗ ಅದು ಮರೆವಲ್ಲ ಎಂದು ತಿಳಿಯಿತು. ಪ್ರಾರ್ಥನೆಯ ಉಳಿದ ಮಾತುಗಳನ್ನೆಲ್ಲ ಅವ್ವ ಗಟ್ಟಿಯಾಗಿಯೇ ಹೇಳುತ್ತಾಳೆ. ನಮ್ಮ ವಿರುದ್ಧ ತಪ್ಪು ಮಾಡಿದವರನ್ನು ನಾವು ಕ್ಷಮಿಸಿರುವ ಹಾಗೆಯೇ ನಮ್ಮನ್ನೂ ಕ್ಷಮಿಸು ಎಂದು ದೇವರನ್ನು ಬೇಡುವ ಸಾಲು ಬಂದಾಗ ಮಾತ್ರ ತುಟಿ ಮುಚ್ಚುತ್ತಾಳೆ. ಅದು ದಾಟಿದ ಮೇಲೆ ಮತ್ತೆ ಅವಳ ದನಿ ಸೇರುತ್ತದೆ.

ಯಾಕವ್ವಾ ಎಂದು ಕೇಳಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ನೀವಿಬ್ಬರೂ ಭಾಳ ಛಂದ ಹೇಳ್ತೀರಿ. ನನಗ ಬರೂದುಲ್ಲ. ಇಬ್ಬರು ಮಕ್ಕಳ ಅವ್ವ ಅದೇನಿ. ಯಾರ ಕಡೀಂದ ಹೇಳ್ಲಿ?"

ಅವಳ ಇನ್ನೊಬ್ಬ ಮಗ ಧಾರವಾಡದಲ್ಲಿದ್ದಾನೆ. ನಮ್ಮಲ್ಲಿ ಒಬ್ಬರಿಗೆ ತಮ್ಮ, ಇನ್ನೊಬ್ಬರಿಗೆ ಮೈದುನ. ಕಾಲೇಜುಗಳ ಹತ್ತಿರ ಝೆರಾಕ್ಸ್ ಮತ್ತು ನೋಟ್‌ಬುಕ್ಕಿನ ಅಂಗಡಿ ಇಟ್ಟವನು. 2020ರ ಲಾಕ್‌ಡೌನಿನಲ್ಲಿ ಕಾಲೇಜು ಮುಚ್ಚಿದವು, ಅಂಗಡಿಯ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಆಗ ನಾವು ಮಗಳ ಹೆಸರಿನಲ್ಲಿಟ್ಟ ಠೇವಣಿ ಮುರಿದು 2 ಲಕ್ಷ ರೂಪಾಯಿ ಕೊಟ್ಟಿದ್ದೆವು. ಕಾಗದ ಮಾಡಿಸಲಿಲ್ಲ. ವರ್ಷದೊಳಗೆ ಕೊಡುತ್ತೇನೆ ಎಂದಿದ್ದ. ಎರಡು ವರ್ಷವಾದರೂ ಬರಲಿಲ್ಲ. 2022ರಲ್ಲಿ ಅವನು ಒಂದು ಹಳೆಯ ವ್ಯಾನು ಕೊಂಡ ಸುದ್ದಿ ಬಂತು.

ಆ ವರ್ಷದ ಕ್ರಿಸ್ಮಸ್ಸಿಗೆ ಬಳಗವೆಲ್ಲ ನಮ್ಮ ಮನೆಯಲ್ಲಿ ಸೇರಿತ್ತು. ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿಯ ತಾಟುಗಳು ನೆರೆಮನೆಗಳಿಗೆ ಹೋಗಿ ಬಂದಿದ್ದವು. ಊಟಕ್ಕೆ ಕೂತಾಗ ನಮ್ಮಲ್ಲೊಬ್ಬರ ಬಾಯಿಂದ ಮಾತು ಜಾರಿತು: "ಗಾಡಿ ತೊಗೊಳ್ಳಾಕ ರೊಕ್ಕ ಅದಾವ, ಕೊಟ್ಟವರಿಗೆ ತಿರುಗಿ ಕೊಡಾಕ ಇಲ್ಲ." ಇನ್ನೊಬ್ಬರು ಅದನ್ನು ತಡೆಯಲಿಲ್ಲ, ಹೌದೆನ್ನುವಂತೆ ತಲೆಯಾಡಿಸಿದರು. ಯಾರು ಅಂದದ್ದು, ಯಾರು ತಲೆಯಾಡಿಸಿದ್ದು ಎಂಬುದು ಈಗ ಬೇಡ. ತಮ್ಮ ಕೈಯಲ್ಲಿದ್ದ ತುತ್ತು ತಾಟಿನಲ್ಲಿಟ್ಟು ಎದ್ದ. ಹಿಂದೆಯೇ ಅವನ ಹೆಂಡತಿ, ಎರಡು ಮಕ್ಕಳು. ಅಂದಿನಿಂದ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಹುಬ್ಬಳ್ಳಿ ಧಾರವಾಡ ಎರಡೂ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. ನಡುವೆ ಇಪ್ಪತ್ತು ಕಿಲೋಮೀಟರಿನ ದಾರಿ. ಅಷ್ಟು ದಾರಿಯನ್ನು ನಾವಾಗಲಿ ಅವನಾಗಲಿ ಎರಡು ವರ್ಷ ದಾಟಲಿಲ್ಲ. ಆದರೆ ದಿನವೂ ಸಂಜೆ ಆ ಸಾಲನ್ನು ಮಾತ್ರ ತಪ್ಪದೆ ಹೇಳುತ್ತಿದ್ದೆವು.

ಅವ್ವನ ಮಾತು ಕೇಳಿದ ಮೇಲೂ ನಾವು ಕೂಡಲೇ ಎದ್ದು ಹೋದೆವು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ರೊಕ್ಕ ಕಳೆದುಕೊಂಡವರು ನಾವು, ತಪ್ಪಿತಸ್ಥರೂ ನಾವೇ ಏನು? ಇನ್ನೂ ಏಳೆಂಟು ತಿಂಗಳು ಹಾಗೆಯೇ ಕಳೆದವು.

2025ರಲ್ಲಿ ರಂಜಾನ್ ಉಪವಾಸ ಮತ್ತು ಈಸ್ಟರಿಗೆ ಮುಂಚಿನ ನಮ್ಮ ಲೆಂಟ್ ದಿನಗಳು ಕೂಡಿಯೇ ಬಂದವು. ಓಣಿಯ ಮೂಲೆಯ ಕಿರಾಣಿ ಅಂಗಡಿಯ ಚಾಚಾ ಉಪವಾಸದ ದಿನಗಳಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ವರ್ಷದ ಲೆಕ್ಕ ತೆಗೆದು ಕೂಡುತ್ತಾರೆ. ಒಂದು ದಿನ ನಮ್ಮ ಉದ್ರಿ ತೀರಿಸಲು ಹೋಗಿದ್ದೆವು. ಚಾಚಾ ಉದ್ರಿ ಪುಸ್ತಕದಲ್ಲಿ ಒಂದು ಇಡೀ ಪುಟದ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. ಮುಟ್ಟಿತೇನು ಎಂದು ಕೇಳಿದೆವು. "ಇಲ್ರೀ. ಅವನ ಕಡೆ ಇಲ್ಲ. ಎರಡು ರಂಜಾನ್ ಟೈಮ್ ಕೊಟ್ಟೆ, ಈಗ ಬಿಟ್ಟೆ" ಎಂದರು.

ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಅವಧಿ ಕೊಡಬೇಕು, ಬಿಟ್ಟೇಕೊಟ್ಟರೆ ಅದು ಇನ್ನೂ ಒಳ್ಳೆಯದು ಎಂದು ಕುರ್‌ಆನ್ ಹೇಳುತ್ತದೆಂದು ಚಾಚಾ ವಿವರಿಸಿದರು. ಎರಡನೆಯ ಅಧ್ಯಾಯ ಅಲ್ ಬಕರಾದಲ್ಲಿ ಆ ಮಾತಿದೆ ಎಂದು ಆಮೇಲೆ ಓದಿ ತಿಳಿದೆವು. ಆದರೆ ನಮ್ಮನ್ನು ತಟ್ಟಿದ್ದು ಚಾಚಾ ಅದರ ಬೆನ್ನಿಗೆ ಹೇಳಿದ ವ್ಯಾಪಾರದ ಮಾತು.

"ನೋಡ್ರೀ, ಪುಸ್ತಕದಾಗ ಹೆಸರು ಇರೂತನಕ ಆ ಮನುಷ್ಯಾ ಈ ಓಣಿಗೆ ಬರೂದುಲ್ಲ. ಬ್ಯಾರೆ ಓಣಿ ಸುತ್ತಿ ಮನೀಗೆ ಹೋಗ್ತಾನ. ರೊಕ್ಕಾನೂ ಹೋತು, ಮನುಷ್ಯಾನೂ ಹೋದ. ಗೆರಿ ಹೊಡದರ ಮನುಷ್ಯಾನರ ತಿರುಗಿ ಬರ್ತಾನ."

ಮನೆಗೆ ಬರುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಬೇರೆ ಓಣಿ ಸುತ್ತಿ ಹೋಗುತ್ತಿದ್ದ ಮನುಷ್ಯ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅವನು ನಮ್ಮ ಮನೆ ತಪ್ಪಿಸುತ್ತಿದ್ದ ಎಂದುಕೊಂಡಿದ್ದೆವು. ಅದು ಅವನ ಅವ್ವ ಇದ್ದ ಮನೆ ಕೂಡ ಎಂಬುದು ಅಂದಿನವರೆಗೆ ಹೊಳೆದಿರಲಿಲ್ಲ.

ಅಂದು ಸಂಜೆ ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ ತೆಗೆದೆವು. ಯೇಸು ಹೇಳಿದ ಒಂದು ಸಾಮತಿ ಅಲ್ಲಿದೆ. ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಾದ ಆಳೊಬ್ಬ ಕಾಲಿಗೆ ಬೀಳುತ್ತಾನೆ, ಅರಸ ಸಾಲವನ್ನೆಲ್ಲ ಬಿಟ್ಟುಬಿಡುತ್ತಾನೆ. ಅದೇ ಆಳು ಹೊರಗೆ ಬಂದು ತನಗೆ ನೂರು ದೀನಾರ ಕೊಡಬೇಕಾದ ಜೊತೆಯಾಳಿನ ಕುತ್ತಿಗೆ ಹಿಡಿಯುತ್ತಾನೆ. ಚಿಕ್ಕಂದಿನಲ್ಲಿ ರವಿವಾರದ ಶಾಲೆಯಲ್ಲಿ ಕೇಳಿದಾಗ ನೂರು ದೀನಾರವೆಂದರೆ ಚಿಲ್ಲರೆ ಕಾಸು ಎಂದೇ ತಿಳಿದಿದ್ದೆವು. ಹಾಗಲ್ಲ. ಆ ಕಾಲದಲ್ಲಿ ಒಂದು ದೀನಾರ ಕೂಲಿಯವನ ಒಂದು ದಿನದ ಸಂಬಳ. ನೂರು ದೀನಾರವೆಂದರೆ ಮೂರು ತಿಂಗಳಿಗೂ ಮೇಲಿನ ದುಡಿಮೆ. ಕೂಲಿಯವನ ಮನೆಗೆ ಅದು ದೊಡ್ಡ ನಷ್ಟ. ನಮ್ಮ 2 ಲಕ್ಷವೂ ಹಾಗೆಯೇ. ನಿನ್ನ ನಷ್ಟ ನಷ್ಟವೇ ಅಲ್ಲ ಎಂದು ಯೇಸು ಹೇಳಲಿಲ್ಲ. ಅದನ್ನು ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡು ಎಂದ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದೀನಾರ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನಗಳ ಕೂಲಿ. ಯಾವ ಆಳೂ ತೀರಿಸಲಾಗದ ಸಾಲ ಅದು.

ಇನ್ನೊಂದು ಸಂಗತಿಯೂ ತಿಳಿಯಿತು. ನಾವು ಕನ್ನಡದಲ್ಲಿ ಹೇಳುವ ಆ ಪ್ರಾರ್ಥನೆಯಲ್ಲಿ 'ತಪ್ಪು' ಎಂದಿರುವ ಕಡೆ, ಮತ್ತಾಯನ ಗ್ರೀಕ್ ಮೂಲದಲ್ಲಿ ಇರುವುದು 'ಸಾಲ' ಎಂಬ ಅರ್ಥದ ಶಬ್ದ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಶಬ್ದವಿತ್ತು. ಎರಡು ವರ್ಷ ನಾವು ಉದ್ರಿ ಪುಸ್ತಕ ಬಗಲಲ್ಲಿಟ್ಟುಕೊಂಡೇ ಪ್ರಾರ್ಥನೆಗೆ ಕೂತಿದ್ದೆವು.

ಕಾಣಿಕೆ ಅರ್ಪಿಸುವ ಹೊತ್ತಿನಲ್ಲಿ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆಂದು ಅದೇ ಸುವಾರ್ತೆ ಹೇಳುತ್ತದೆ. ಈಸ್ಟರಿಗೆ ಮುಂಚಿನ ರವಿವಾರ ಬೆಳಿಗ್ಗೆ ನಾವು ದೇವಾಲಯಕ್ಕೆ ಹೋಗಲಿಲ್ಲ. ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೊರಟೆವು. ಉಣಕಲ್ ಕೆರೆ ದಾಟಿತು, ನವಲೂರು ದಾಟಿತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಳ್ಳುತ್ತಿದ್ದೆವು. ರೊಕ್ಕದ ಮಾತು ಬಿಟ್ಟೆವು, ನಿನ್ನನ್ನು ಮಾಫ್ ಮಾಡಿದೆವು. ದೊಡ್ಡ ಮನಸ್ಸಿನ ಮಾತು ಎಂದು ನಮಗೆ ನಾವೇ ಹಿಗ್ಗಿದ್ದೂ ನಿಜ.

ತಮ್ಮನ ಹೆಂಡತಿ ಬಾಗಿಲು ತೆಗೆದವಳು ಒಂದು ಕ್ಷಣ ನಿಂತಳು. "ಬರ್ರಿ ವೈನಿ" ಎಂದು ಕರೆದಳು, ಚಹಾಕ್ಕೆ ಇಟ್ಟಳು. ತಮ್ಮ ಬಂದು ಎದುರಿಗೆ ಕೂತ. ನಾವು ಹೊಂದಿಸಿಕೊಂಡು ಬಂದದ್ದನ್ನು ಹೇಳಿದೆವು. ಅವನ ಮುಖ ಕೆಂಪಗಾಯಿತು.

"ಮಾಫ್ ಮಾಡಾಕ ಬಂದೀರೇನು? ನಾ ಬೇಡಿದ್ದೆನೇನು? ಹತ್ತು ಮಂದಿ ಮುಂದ ನನ್ನ ಮಕ್ಕಳ ತಾಟಿಗೆ ಕೈ ಹಾಕಿದವರು ನೀವು. ಆ ವ್ಯಾನು ಅಂಗಡಿ ಮಾಲು ಹೇರಾಕ ಸಾಲದ ಮ್ಯಾಲೆ ತೊಗೊಂಡದ್ದು. ಒಬ್ಬರಾದರೂ ಕೇಳಿದಿರೇನು?"

ಕೇಳಿರಲಿಲ್ಲ. ಆ ಪ್ರಾರ್ಥನೆಯಲ್ಲಿ ಬೇಡಿಕೊಳ್ಳುವುದು ನಮ್ಮ ಸಾಲದ ಬಿಡುಗಡೆಯನ್ನೇ. ನಾವು ಆ ಅರ್ಧವನ್ನು ಮರೆತು, ಕ್ಷಮಿಸುವವರ ಕುರ್ಚಿಯಲ್ಲಿ ಕೂರಲು ಇಪ್ಪತ್ತು ಕಿಲೋಮೀಟರ್ ಬಂದಿದ್ದೆವು. ಸೋದರನ ಮನಸ್ಸಿನಲ್ಲಿ ನಮ್ಮ ಮೇಲೆ ಏನಿದೆ ಎಂಬುದನ್ನು ನೆನೆಸಿಕೊಳ್ಳದೆಯೇ ಕಾಣಿಕೆ ಬಿಟ್ಟು ಎದ್ದು ಬಂದಿದ್ದೆವು.

ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಮುಗಿದಿದ್ದವು. "ಅವತ್ತಿನ ಮಾತು ಆಡಬಾರದಿತ್ತು. ಅದಕ್ಕ ನೀನ ನಮಗ ಮಾಫ್ ಮಾಡಪಾ" ಎಂದೆವು. ಅವನು ಉತ್ತರ ಕೊಡಲಿಲ್ಲ. ಚಹಾ ಆರಿತು. ನಾವು ಏಳುವ ಹೊತ್ತಿಗೆ ಅಂದ: "ರೊಕ್ಕ ಬಿಡಬ್ಯಾಡ್ರಿ. ತಿಂಗಳಿಗೆ ಮೂರು ಸಾವಿರ ಕೊಡ್ತೇನಿ. ಆದರ ಕೇಳಬ್ಯಾಡ್ರಿ." ಒಪ್ಪಿಕೊಂಡೆವು. ಕ್ಷಮೆ ಎಂದರೆ ಯಾವಾಗಲೂ ಗೆರೆ ಹೊಡೆಯುವುದೇ ಅಲ್ಲ, ಒಬ್ಬ ಮನುಷ್ಯ ತನ್ನ ಸಾಲವನ್ನು ತಲೆಯೆತ್ತಿ ತೀರಿಸಲು ಅವಧಿ ಕೊಡುವುದೂ ಹೌದು ಎಂದು ಬರುವ ದಾರಿಯಲ್ಲಿ ಅನ್ನಿಸಿತು. ಚಾಚಾ ಹೇಳಿದ ಎರಡು ಮಾತುಗಳಲ್ಲಿ ಮೊದಲನೆಯದು ನಮ್ಮ ಪಾಲಿಗೆ ಬಂದಿತ್ತು.

ಎರಡು ತಿಂಗಳಾದ ಮೇಲೆ, ಜೂನ್ ತಿಂಗಳ ಒಂದು ಸಂಜೆ ಅವನು ಬಂದ, ಒಬ್ಬನೇ. ಲಕೋಟೆಯನ್ನು ಟೀವಿಯ ಮೇಲಿಟ್ಟ. ಅವ್ವ ಅವನನ್ನು ಏನೂ ಕೇಳಲಿಲ್ಲ. ನೇರ ಒಲೆಯ ಮುಂದೆ ಹೋಗಿ ರೊಟ್ಟಿ ಬಡಿಯಲು ಕೂತಳು. ಬಹಳ ದಿನಗಳಿಂದ ಮೊಣಕಾಲು ನೋವೆಂದು ರೊಟ್ಟಿಯ ತಂಟೆಗೇ ಹೋಗದಿದ್ದವಳು ಅಂದು ಸೊಸೆಯ ಕೈಗೆ ಹಿಟ್ಟು ಕೊಡಲಿಲ್ಲ. ಬಿಸಿ ರೊಟ್ಟಿ, ಝುಣಕ, ಮೊಸರು. ಮಗ ಉಣ್ಣುವುದನ್ನು ನೋಡುತ್ತ ಕೂತಳು.

ಅಜಾನ್ ಆಯಿತು. ಚಾಪೆ ಹಾಸಿದೆವು. ಅವನು ಹೊರಡುತ್ತಾನೇನೋ ಎಂದುಕೊಂಡೆವು, ಹೋಗಲಿಲ್ಲ, ಬಾಗಿಲ ಹತ್ತಿರ ಕೂತ. ಪ್ರಾರ್ಥನೆ ಶುರುವಾಯಿತು. ಆ ಸಾಲು ಬಂದಾಗ ಮಗಳು ನಮ್ಮ ಮೊಣಕೈ ತಿವಿದಳು. ಅವ್ವ ಹೇಳುತ್ತಿದ್ದಳು. ದನಿ ನಡುಗುತ್ತಿತ್ತು, ಆದರೆ ಪೂರ್ತಿ ಹೇಳಿದಳು.

ಬಾಗಿಲ ಹತ್ತಿರದ ದನಿ ಮಾತ್ರ ಆ ಸಾಲಿನಲ್ಲಿ ನಿಂತಿತು. ಅದು ದಾಟಿದ ಮೇಲೆ ಮತ್ತೆ ಸೇರಿಕೊಂಡಿತು. ನಾವು ಏನೂ ಕೇಳಲಿಲ್ಲ. ಎರಡು ವರ್ಷ ನಾವು ತೆಗೆದುಕೊಂಡಿದ್ದೇವೆ, ಅವನೂ ತೆಗೆದುಕೊಳ್ಳಲಿ.