ಸೋಲುವ ತಂಡದ ಕಡೆಯವರು

ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಗುರುತು ಇರುವವರು ಮೊದಲು ಕೇಳುವುದು ಕ್ಷೇಮ ಸಮಾಚಾರವನ್ನಲ್ಲ. "ಏನ್ ಸಾಬ್ರೆ, ನಿಮ್ ಹುಡುಗ್ರು ಮತ್ತೆ ಮಣ್ಣು ಮುಕ್ಕಿದ್ರಂತೆ?" ಎಂದೇ ಮಾತು ಶುರು. ಮನೆಯಲ್ಲಿ ಜ್ವರವೋ, ಮಗಳ ಮದುವೆಯೋ, ಕೋರ್ಟಿನ ವಾಯಿದೆಯೋ, ಅದೆಲ್ಲ ಆಮೇಲೆ. ನಾವೂ ಬಿಡುವುದಿಲ್ಲ. "ರೆಫರಿ ನಿಮ್ಮೂರಿನ ಅಳಿಯ ಅಲ್ವೇನ್ರಿ?" ಎನ್ನುತ್ತೇವೆ. ಹೊನ್ನಾಳಿ ಬರುವವರೆಗೂ ಈ ಜಗಳ ನಡೆಯುತ್ತದೆ. ಇಳಿದ ಮೇಲೆ ಅವರೇ ಚಹಾ ಕೊಡಿಸುತ್ತಾರೆ. ಗೆದ್ದವರು ಚಹಾ ಕೊಡಿಸಬೇಕೆಂಬುದು ಎಂದೋ ಆದ ಕರಾರು. ಲೆಕ್ಕ ಹಾಕಿದರೆ ಇಷ್ಟು ವರ್ಷಗಳಲ್ಲಿ ನಾವು ಕುಡಿದ ಚಹಾ ಬಹಳ, ಕುಡಿಸಿದ್ದು ಕಡಿಮೆ.

ನಾವು ಎಂದರೆ ಏಳೆಂಟು ಮಂದಿ. ಒಬ್ಬರು ಟೈಲರ್, ಒಬ್ಬರು ಪ್ರೈಮರಿ ಶಾಲೆಯ ಮೇಷ್ಟ್ರು, ಇಬ್ಬರು ಅಡಿಕೆ ವ್ಯಾಪಾರದವರು, ಒಬ್ಬರದು ಗೊಬ್ಬರದ ಅಂಗಡಿ, ಇನ್ನೊಬ್ಬರು ಹಣ್ಣಿನ ಗಾಡಿ ತಳ್ಳುತ್ತಾರೆ, ಕಥೆ ಬರೆಯುವವರೂ ಒಬ್ಬರಿದ್ದಾರೆ. ನಮ್ಮಲ್ಲಿ ಮೂವರು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಹೈಸ್ಕೂಲಿಗೆ ಕನ್ನಡಕ್ಕೆ ಬಂದವರು. ಉಳಿದವರು ಲಿಂಗಾಯತರು, ಕುರುಬರು, ಲಂಬಾಣಿಗಳು. ಎಲ್ಲರೂ ಒಂದು ಕಾಲದಲ್ಲಿ ಕಬಡ್ಡಿ ಆಡಿದವರೇ, ಎಲ್ಲರೂ ಮೊಣಕಾಲು ಕೆಡಿಸಿಕೊಂಡವರೇ. ಈಗ ಊರಿನ ಹುಡುಗರು ಆಡುತ್ತಾರೆ, ನಾವು ಗಂಟಲು ಹರಿದುಕೊಳ್ಳುತ್ತೇವೆ. ತಂಡಕ್ಕೊಂದು ಹೆಸರಿದೆ. ಆದರೆ ಅಂಥ ಹೆಸರಿನ ತಂಡಗಳು ಪ್ರತಿ ತಾಲ್ಲೂಕಿನಲ್ಲೂ ನಾಲ್ಕು ಸಿಗುವುದರಿಂದ ಮೈಕಿನವರು "ನ್ಯಾಮತಿ" ಎಂದಷ್ಟೇ ಕೂಗುತ್ತಾರೆ. ಅಷ್ಟು ಸಾಕು.

ಹೊನ್ನಾಳಿಯ ಮೇಲೆ ನಿಮಗೇಕೆ ಅಷ್ಟು ಸಿಟ್ಟು ಎಂದು ಹೊರಗಿನವರು ಕೇಳುತ್ತಾರೆ. ಹತ್ತಿರದ ಊರು, ಒಂದೇ ಮಾತು, ಒಂದೇ ಊಟ, ಕೊಟ್ಟು ತಂದ ಸಂಬಂಧಗಳು. ಸಿಟ್ಟಿಗೆ ಅದೇ ಕಾರಣ. ದೂರದವರ ಮೇಲೆ ಯಾರಿಗೆ ಸಿಟ್ಟು ಬರುತ್ತದೆ? ನಾವು ಹುಡುಗರಾಗಿದ್ದಾಗ ಪಹಣಿಗೆ ಹೊನ್ನಾಳಿ, ರೇಷನ್ ಕಾರ್ಡಿಗೆ ಹೊನ್ನಾಳಿ. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ವ್ಯಾಪಾರದ ಪೇಟೆ ಎಂದು ನ್ಯಾಮತಿಗೆ ಹಿಂದೆ ಹೆಸರಿತ್ತು. ನಮ್ಮ ಅಜ್ಜಂದಿರು ಅದನ್ನೇ ಹೇಳಿಕೊಂಡು ಎಲೆ ಅಡಿಕೆ ಜಗಿಯುತ್ತಿದ್ದರು. ಆದರೆ ಕಚೇರಿ ಇದ್ದದ್ದು ಹೊಳೆ ದಂಡೆಯ ಹೊನ್ನಾಳಿಯಲ್ಲಿ. 'ಹೊನ್ನಾಳಿ ಹೊಡೆತ' ಎಂಬ ಮಾತು ನಾಡಿಗೇ ಗೊತ್ತು. ನ್ಯಾಮತಿಯ ಹೆಸರಿನಲ್ಲಿ ಒಂದು ಗಾದೆಯನ್ನೂ ನಾವು ಕೇಳಿಲ್ಲ. ಶಾಲೆಗಳ ತಾಲ್ಲೂಕು ತಂಡ ಆರಿಸುವಾಗ ಕಸಬಾದ ಹುಡುಗರೇ ಹೆಚ್ಚು ಇರುತ್ತಿದ್ದರು. ಅವರೇ ಚೆನ್ನಾಗಿ ಆಡುತ್ತಿದ್ದರೋ ಏನೋ, ನಮ್ಮ ಕಣ್ಣಿಗೆ ಎಂದೂ ಹಾಗೆ ಕಾಣಲಿಲ್ಲ.

2018ರಲ್ಲಿ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಯಿತು. ಪಟಾಕಿ ಹೊಡೆದವರಲ್ಲಿ ನಾವೂ ಇದ್ದೆವು. ಇನ್ನು ಹೊನ್ನಾಳಿಯ ಗೊಡವೆ ತಪ್ಪಿತು ಎಂದು ಊರೆಲ್ಲ ಮಾತಾಡಿಕೊಂಡಿತು. ಆದದ್ದು ಇಷ್ಟೇ: ಅದುವರೆಗೆ ಹೋಬಳಿ ತಂಡವಾಗಿ ಸೋಲುತ್ತಿದ್ದವರು ಆಮೇಲೆ ತಾಲ್ಲೂಕು ತಂಡವಾಗಿ ಸೋಲತೊಡಗಿದೆವು.

ಜಗಳೂರು ನಮ್ಮ ಬದುಕಿನೊಳಗೆ ಬಂದದ್ದು ಬೇರೆ ರೀತಿಯಲ್ಲಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿಗಳನ್ನು ಶಿವಮೊಗ್ಗದಿಂದ ಬಿಡಿಸಿ ತಂದರು, ಜಗಳೂರನ್ನು ಚಿತ್ರದುರ್ಗದಿಂದ. ಅಲ್ಲಿಯವರೆಗೆ ಜಗಳೂರು ಯಾವ ದಿಕ್ಕಿಗಿದೆ ಎಂಬುದೂ ನಮಗೆ ತಿಳಿದಿರಲಿಲ್ಲ. ಒಮ್ಮೆಲೇ ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಆ ಕಡೆಯ ಹುಡುಗರು ಎದುರು ನಿಂತರು. ಸಣಕಲು ಮೈ, ಕಪ್ಪು ಕಾಲು, ಹಿಡಿದರೆ ಬಿಡದ ಕೈ. ಮಳೆ ಬಾರದ, ಹೊಳೆ ಇಲ್ಲದ ಸೀಮೆ. ಅಲ್ಲಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ, ಅದಕ್ಕಾಗಿ 2011ರಲ್ಲಿ ಅಭಯಾರಣ್ಯವೇ ಆಯಿತು. ಅವರ ರೈಡರುಗಳೂ ಆ ಪ್ರಾಣಿಯ ಹಾಗೆಯೇ, ಪೊದೆಯಿಂದ ಹಾರಿದಂತೆ ಬಂದು ಮುಟ್ಟಿ ಹೋಗುತ್ತಾರೆ. ಅವರ ಮೇಲೆ ನಮಗೆ ಸಿಟ್ಟು ಬಂದದ್ದೇ ಇಲ್ಲ. ಸೋತರೂ ಗೆದ್ದರೂ ಅವರ ಕಡೆಯ ಹಿರಿಯರು ಬಂದು, "ಉಂಡು ಹೋಗ್ರಿ ಅಣ್ಣಾರೇ" ಎಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾರೆ. ತುಂಗಭದ್ರೆಯ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಬಂದಾಗ ನಮ್ಮ ಟೈಲರ್ ಸಾಹೇಬರು ಹೇಳಿದ ಮಾತು: "ಹೊನ್ನಾಳಿ ಮುಂದೆ ಹರಿದು ಹೋಗೋ ನೀರು ಒಂದು ಒಳ್ಳೆ ಕೆಲಸಕ್ಕೆ ಬಂತು ಬಿಡ್ರಿ."

ಚನ್ನಗಿರಿಯ ಕಥೆ ಪೂರಾ ಬೇರೆ. ಭದ್ರಾ ನಾಲೆ, ಸೂಳೆಕೆರೆ, ಕಣ್ಣು ಹಾಯುವವರೆಗೆ ಅಡಿಕೆ. ದುಡ್ಡಿರುವ ಊರಿನ ಪಂದ್ಯಾವಳಿಗೆ ಬಹುಮಾನವೂ ದೊಡ್ಡದು, ಪೆಂಡಾಲೂ ದೊಡ್ಡದು. ಹೊನ್ನಾಳಿಯ ಸೇತುವೆ ದಾಟಿ ಟಾಟಾ ಏಸ್ ಗಾಡಿಯಲ್ಲಿ ಹದಿನೈದು ಮಂದಿ ತುಂಬಿಕೊಂಡು ಹೋಗುತ್ತೇವೆ. ಹೊನಲು ಬೆಳಕಿನ ಪಂದ್ಯಾವಳಿ ಎಂದು ಫ್ಲೆಕ್ಸಿನಲ್ಲಿ ಇರುತ್ತದೆ. ಬೆಳಕು ಹೊನಲಾಗುವುದು ರಾತ್ರಿ ಒಂಬತ್ತರ ಮೇಲೆ, ಗಣ್ಯರ ಭಾಷಣ ಮುಗಿದ ನಂತರ.

ನಿಜವಾದ ಆಟ ಶುರುವಾಗುವುದು ತೂಕದ ಕಾಟಾದ ಹತ್ತಿರ. 55 ಕೆ.ಜಿ. ವಿಭಾಗವೆಂದರೆ 55ರ ಮೇಲೆ ನೂರು ಗ್ರಾಂ ಇದ್ದರೂ ಎದುರಾಳಿಗಳು ಬಿಡುವುದಿಲ್ಲ. ಆಹಾ, ಅಲ್ಲಿ ನಡೆಯುವ ನಾಟಕವನ್ನು ನೀವು ನೋಡಬೇಕು. ಬೆಳಗಿನಿಂದ ಉಗುಳು ನುಂಗದೆ ಕೂತ ಹುಡುಗರು, ಸ್ವೆಟರ್ ಹಾಕಿಕೊಂಡು ಮೈದಾನ ಸುತ್ತುವವರು, ತಲೆಗೂದಲು ಬೋಳಿಸಿಕೊಂಡು ಬಂದವರು. ಕಾಟಾದ ಮೇಲೆ ನಿಂತವನು ಉಸಿರು ಬಿಟ್ಟರೆ ತೂಕ ಕಡಿಮೆಯಾಗುತ್ತದೆಂದು ನಂಬಿ ಸುತ್ತಲಿನವರೆಲ್ಲ "ಬಿಡೋ, ಉಸಿರು ಬಿಡೋ" ಎನ್ನುತ್ತಾರೆ. ಕೈಗೆ ಬೋರೆ ಮಸಾಲೆ ಮಂಡಕ್ಕಿ ಬರುವುದು ತೂಕ ಪಾಸಾದ ಮೇಲೆ. ಹಸಿದವನಿಗೆ ಅದು ಸ್ವರ್ಗದ ಮೇವೆ.

ಮಣ್ಣಿನ ಅಂಕಣವನ್ನು ಈಗ ಬಹಳ ಕಡೆ ಮ್ಯಾಟ್ ನುಂಗಿದೆ. ಮಣ್ಣಿನಲ್ಲಿ ಆಡುವಾಗ ಸುಣ್ಣದ ಗೆರೆ ಅರ್ಧ ಆಟದಲ್ಲೇ ಅಳಿಸಿಹೋಗುತ್ತಿತ್ತು. ಕಾಲು ಗೆರೆಯ ಆಚೆಯೋ ಈಚೆಯೋ ಎಂಬ ಜಗಳ ಅರ್ಧ ತಾಸು. ಆ ಅರ್ಧ ತಾಸಿನಲ್ಲಿ ನಾಲ್ಕು ಊರಿನ ಹಳೆಯ ಲೆಕ್ಕಗಳೆಲ್ಲ ಹೊರಬೀಳುತ್ತಿದ್ದವು. ಮ್ಯಾಟಿನ ಮೇಲೆ ಗೆರೆ ಅಳಿಸುವುದಿಲ್ಲ. ನ್ಯಾಯ ಸಿಗುತ್ತದೆ, ಮಾತು ಕಡಿಮೆಯಾಗಿದೆ. ಎರಡರಲ್ಲಿ ಯಾವುದು ಲಾಭವೆಂದು ನಮ್ಮಲ್ಲಿ ಇನ್ನೂ ಒಮ್ಮತವಿಲ್ಲ.

ಚನ್ನಗಿರಿಯಂಥ ದೊಡ್ಡ ಬಹುಮಾನದ ಪಂದ್ಯಗಳಿಂದ ಬಂದ ಪಿಡುಗು ಬಾಡಿಗೆ ಆಟಗಾರರದು. ಒಂದು ರಾತ್ರಿಗೆ ಇಷ್ಟು ಎಂದು ಹಣ ಕೊಟ್ಟು ಎಲ್ಲಿಂದಲೋ ರೈಡರುಗಳನ್ನು ಕರೆಸುವುದು. ಒಂದು ವರ್ಷ ನಮ್ಮೂರಿನ ದಾನಿಯೊಬ್ಬರಿಗೂ ಆ ಹುಕಿ ಬಂತು. ಮೂವರನ್ನು ಕರೆತಂದರು. ನ್ಯಾಮತಿ ಕಪ್ ಗೆದ್ದಿತು. ಟ್ರಾಕ್ಟರಿನಲ್ಲಿ ಮೆರವಣಿಗೆಯೂ ಆಯಿತು. ಆದರೆ ಆ ಮೂವರು ಬೆಳಗಿನ ಜಾವದ ಬಸ್ಸಿಗೇ ಹೊರಟುಹೋಗಿದ್ದರು. ನಮ್ಮ ಊರಿನ ಮೂವರು ಹುಡುಗರು ನೀರಿನ ಬಾಟಲಿ ಹಿಡಿದು ಗೆರೆಯ ಹೊರಗೆ ನಿಂತು ಆ ಗೆಲುವನ್ನು ನೋಡಿದ್ದರು. ಸೋತ ಪಂದ್ಯಗಳನ್ನು ನಾವು ವರ್ಷಗಟ್ಟಲೆ ಚಹಾದಂಗಡಿಯಲ್ಲಿ ಮತ್ತೆ ಮತ್ತೆ ಆಡುತ್ತೇವೆ. ಆ ಗೆದ್ದ ಪಂದ್ಯದ ಸುದ್ದಿ ಮೂರನೆಯ ದಿನಕ್ಕೆ ಮುಗಿಯಿತು. ಹೊನ್ನಾಳಿಯವರು ಚಹಾ ಕೇಳಲಿಲ್ಲ. "ಕಪ್ ಯಾರ್ದೋ, ಹೆಸ್ರು ಯಾರ್ದೋ" ಎಂದು ಸುಮ್ಮನಾದರು. ಅವರ ಆ ಮೌನದಷ್ಟು ಯಾವ ಕುಹಕವೂ ನಮ್ಮನ್ನು ಚುಚ್ಚಿಲ್ಲ. ಮರುವರ್ಷದಿಂದ ಊರಿನವರೇ ಆಡುವುದೆಂದು ಹುಡುಗರೇ ಪಟ್ಟು ಹಿಡಿದರು. ಮತ್ತೆ ಸೋಲು ಶುರುವಾಯಿತು, ಮಾತೂ ಶುರುವಾಯಿತು.

2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹುಡುಗರ ಮೈಮೇಲೆ ಬೆಂಗಳೂರು ಬುಲ್ಸ್ ಅಂಗಿ ಬಂತು. ಬಹಳ ಒಳ್ಳೆಯದು, ಮಣ್ಣಿನಾಟವೆಂದು ಮೂಗು ಮುರಿಯುತ್ತಿದ್ದ ತಾಯಂದಿರೂ ಟಿ.ವಿ. ಮುಂದೆ ಕೂತರು. 2019ರ ಜನವರಿಯ ಫೈನಲ್ಲಿನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬುಲ್ಸ್ ಗೆದ್ದಾಗ ನಾವೂ ಕುಣಿದೆವು. ಬೆಳಗ್ಗೆ ಎದ್ದರೆ ಆ ಸಂತೋಷವನ್ನು ಯಾರ ಮುಖಕ್ಕೆ ಹಿಡಿಯುವುದು? ಸೋತದ್ದು ಗುಜರಾತಿನ ತಂಡ. ಹೊನ್ನಾಳಿ ಬಸ್ಸಿನಲ್ಲಿ ಗುಜರಾತಿನವರು ಒಬ್ಬರೂ ಹತ್ತುವುದಿಲ್ಲ.

ನಮ್ಮ ಮೊಹಲ್ಲಾದ ಹುಡುಗನೊಬ್ಬ ಓದಲು ಸ್ಕಾಟ್ಲೆಂಡಿನ ಡಂಡೀ ನಗರಕ್ಕೆ ಹೋಗಿದ್ದಾನೆ. ಅವನು ಕಳಿಸಿದ ಸುದ್ದಿ ಕೇಳಿ ನಮಗೆ ಅಣ್ಣತಮ್ಮಂದಿರು ಸಿಕ್ಕ ಹಾಗಾಯಿತು. ಅಲ್ಲಿ ಆಂಗಸ್ ಎಂಬ ಸೀಮೆಯಲ್ಲಿ ಆರ್ಬ್ರೋತ್, ಮಾಂಟ್ರೋಸ್, ಫಾರ್ಫರ್, ಬ್ರೀಕಿನ್ ಎಂದು ನಾಲ್ಕು ಸಣ್ಣ ಊರುಗಳು. ನಾಲ್ಕಕ್ಕೂ ಒಂದೊಂದು ಫುಟ್ಬಾಲ್ ತಂಡ, ನಾಲ್ಕೂ ಕೆಳಗಿನ ದರ್ಜೆಯ ಮೈದಾನಗಳಲ್ಲೇ ಬೆಳೆದವು, ನಾಲ್ಕರ ನಡುವೆಯೂ ಹೊನ್ನಾಳಿ-ನ್ಯಾಮತಿಯ ಜಗಳ. ಆರ್ಬ್ರೋತ್ ತಂಡ 1885ರಲ್ಲಿ ಒಂದು ಪಂದ್ಯವನ್ನು 36-0ರಿಂದ ಗೆದ್ದಿತ್ತು, ಅದನ್ನು ಇಂದಿಗೂ ಹೇಳಿಕೊಳ್ಳುತ್ತದೆ. ಫಾರ್ಫರ್ ತಂಡವನ್ನು 'ಲೂನ್ಸ್' ಎನ್ನುತ್ತಾರಂತೆ, ಆ ಕಡೆಯ ಆಡುಮಾತಿನಲ್ಲಿ ಹುಡುಗರು ಎಂದರ್ಥ. ಆದರೆ ನಮ್ಮ ಮನಸ್ಸು ನೆಟ್ಟದ್ದು ಬ್ರೀಕಿನ್ ಮೇಲೆ. ಏಳು ಸಾವಿರದಷ್ಟು ಜನರ ಊರು. 2017-18ರಲ್ಲಿ ಅವರ ತಂಡ ಲೀಗಿನಲ್ಲಿ 36 ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ. ನಾಲ್ಕು ಸಮ, 32 ಸೋಲು. 2021ರಲ್ಲಿ ರಾಷ್ಟ್ರೀಯ ಲೀಗಿನಿಂದಲೇ ಹೊರಬಿದ್ದರು. "ಆದ್ರೂ ಜನ ಬರ್ತಾರೆ ಚಾಚಾ, ಮಳೇಲಿ ನಿಂತು ನೋಡ್ತಾರೆ" ಎಂದು ಹುಡುಗ ಆಶ್ಚರ್ಯಪಟ್ಟ. ನಮಗೆ ಆಶ್ಚರ್ಯವಾಗಲಿಲ್ಲ. ಆ 32 ಸೋಲುಗಳ ಮಾರನೆಯ ಬೆಳಗ್ಗೆ ಬ್ರೀಕಿನ್‌ನವರು ಫಾರ್ಫರಿನ ಅಂಗಡಿಗಳಿಗೆ ಹೇಗೆ ಹೋದರು ಎಂಬುದನ್ನಷ್ಟೇ ಕೇಳಿದೆವು. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವನು ಕಬಡ್ಡಿ ಆಡಿದವನಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಭಾರತ-ಪಾಕಿಸ್ತಾನದ ಕ್ರಿಕೆಟ್ ಇದ್ದ ದಿನ ನಮ್ಮಲ್ಲಿ ಮೂವರ ಮುಖವನ್ನು ಕೆಲವರು ಓದುತ್ತಿರುತ್ತಾರೆ. ಜೋರಾಗಿ ಚಪ್ಪಾಳೆ ತಟ್ಟಿದರೆ ಅಷ್ಟು ಜೋರೇಕೆ, ಸುಮ್ಮನಿದ್ದರೆ ಸುಮ್ಮನೇಕೆ. ಚಿಕ್ಕಂದಿನಿಂದ ಇದು ಅಭ್ಯಾಸವಾಗಿದೆ, ಅಭ್ಯಾಸವಾಯಿತೆಂದು ನೋವು ಹೋಗುವುದಿಲ್ಲ. ಕಬಡ್ಡಿ ಅಂಕಣದ ಸುತ್ತ ಮಾತ್ರ ನೀವು ಯಾರ ಕಡೆ ಎಂದು ನಮ್ಮನ್ನು ಯಾರೂ ಕೇಳಿದ್ದಿಲ್ಲ. ನಮ್ಮ ಗಂಟಲೇ ಅದನ್ನು ಹೇಳುತ್ತದೆ. ಹೊನ್ನಾಳಿಯವರು "ಏ ನ್ಯಾಮ್ತಿ ಸಾಬ್ರೇ, ಕೂತ್ಕೊಳ್ರೀ" ಎಂದು ಬೈದಾಗ ಒತ್ತು ಬೀಳುತ್ತಿದ್ದುದು 'ನ್ಯಾಮ್ತಿ'ಯ ಮೇಲೆ. ಅವರ ಪಕ್ಕದಲ್ಲೇ ಕೂತು ನಮ್ಮನ್ನು ಅಣಕಿಸುತ್ತಿದ್ದವರಲ್ಲಿ ನಮ್ಮ ಟೈಲರ್ ಸಾಹೇಬರ ಸ್ವಂತ ಬಾವನವರೂ ಇದ್ದರು. ರಮಜಾನಿನಲ್ಲಿ ಪಂದ್ಯ ಬಿದ್ದಾಗ ಮಗ್ರಿಬ್ ಹೊತ್ತಿಗೆ ಹತ್ತು ನಿಮಿಷ ಆಟ ನಿಲ್ಲಿಸಿ, ಎರಡೂ ಕಡೆಯ ರೋಜೆದಾರರು ಒಂದೇ ಪೊಟ್ಟಣದ ಖರ್ಜೂರ ತಿಂದದ್ದುಂಟು.

ಈಚಿನ ವರ್ಷಗಳಲ್ಲಿ ಆ ಒತ್ತು ಜಾಗ ಬದಲಿಸುತ್ತಿದೆ ಎಂದು ನಮಗೆ ಅನ್ನಿಸತೊಡಗಿದೆ. ಊರಿನ ತಂಡವೇಕೆ, ನಮ್ಮವರದೇ ತಂಡ ಕಟ್ಟೋಣ ಎನ್ನುವವರು ಎರಡು ಕಡೆಯೂ ಎದ್ದಿದ್ದಾರೆ. ಅವರ ಹತ್ತಿರ ಹೊಸ ಬೂಟಿದೆ, ಜೆರ್ಸಿಯಿದೆ, ಗಾಡಿಯ ಬಾಡಿಗೆಗೆ ದುಡ್ಡಿದೆ. ಕಬಡ್ಡಿಯಲ್ಲಿ ಹಿಡಿಯುವವರು ಕೈ ಕೈ ಹಿಡಿದು ನಿಲ್ಲಬೇಕಾದ ಆಟ. ಪಕ್ಕದವನು ಯಾರ ಮಗ ಎಂದು ನೋಡುತ್ತ ನಿಂತರೆ ಎದುರಿನವನು ಬೋನಸ್ ಗೆರೆ ಮುಟ್ಟಿ ವಾಪಸು ಹೋಗಿರುತ್ತಾನೆ. ಇದನ್ನು ನಾವು ಹುಡುಗರಿಗೆ ಹೇಳಿದೆವು. ಹೆಚ್ಚಿನವರು ಕೇಳಿದರು. ಎಡಮೂಲೆಯಲ್ಲಿ ಆಡುತ್ತಿದ್ದ ಒಬ್ಬ ಹೋದ. ಅವನು ಯಾವ ಕಡೆಯವನು ಎಂದು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಸಿಕ್ಕರೆ ತಲೆ ತಗ್ಗಿಸುತ್ತಾನೆ, ನಾವೇ ಮಾತಾಡಿಸುತ್ತೇವೆ. ಅವನ 4ನೇ ನಂಬರಿನ ಅಂಗಿಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ; ಗೊಬ್ಬರದಂಗಡಿಯ ಬೀರುವಿನಲ್ಲಿ ಇಸ್ತ್ರಿ ಮಾಡಿ ಇಟ್ಟಿದೆ.

ಬರುವ ಭಾನುವಾರ ಜಗಳೂರಿನಲ್ಲಿ ಪಂದ್ಯ. ಹೊನ್ನಾಳಿ, ಹರಿಹರ, ದಾವಣಗೆರೆ ದಾಟಿ ಹೋಗಬೇಕು, ಮಧ್ಯಾಹ್ನವೇ ಹೊರಡಬೇಕು. ಗಾಡಿಯ ಬಾಡಿಗೆಗೆ ತಲಾ ಇನ್ನೂರು ಎತ್ತಿದ್ದೇವೆ, ಹಣ್ಣಿನ ಗಾಡಿಯವರು ಬಾಳೆಹಣ್ಣಿನ ಗೊನೆ ಕೊಡುತ್ತಾರೆ. ಎಡಮೂಲೆಗೆ ಹೊಸದಾಗಿ ಬಂದ ಹುಡುಗನ ತೂಕ ನಿನ್ನೆ 56 ತೋರಿಸಿತು. ಶುಕ್ರವಾರ ಅವರ ಅಕ್ಕನ ಮನೆಯಲ್ಲಿ ಅಖೀಖಾ ದಾವತ್. ಬಿರಿಯಾನಿಯ ಹತ್ತಿರ ಇವನನ್ನು ಬಿಡಬೇಡಿ ಎಂದು ಅವನ ಅಮ್ಮಿಗೆ ಹೇಳಿಕಳಿಸಿದ್ದೇವೆ. "ಮಗ ಅತ್ತರೆ ನೀವೇ ಬಂದು ಸಮಾಧಾನ ಮಾಡ್ರಿ" ಎಂದು ಆ ತಾಯಿ ಉತ್ತರ ಕಳಿಸಿದ್ದಾರೆ.