ಹೆಜ್ಜೆಯಿಡುವ ನೆಲ

ಅನರ್ಥದಂಡವಿರತಿಯನ್ನು ವಿವರಿಸುವಲ್ಲಿ ಸಮಂತಭದ್ರಾಚಾರ್ಯರು ದುಃಶ್ರುತಿಯನ್ನೂ ಎಣಿಸಿದ್ದಾರೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳಿಗೆ ಕಿವಿಗೊಡುವುದೇ ದುಃಶ್ರುತಿ. ಯುದ್ಧದ ಚಲನಚಿತ್ರಗಳಲ್ಲಿ ಬಹುಪಾಲು ಈ ಮಾತಿಗೆ ಒಳಪಡುವಂಥವೇ. ಕೊಲ್ಲುವವನ ಗೆಲುವಿಗೆ ನೋಡುವವನೂ ಹಿಗ್ಗುತ್ತಾನೆ. ಪಾಲ್ ಕಾಟಿಸ್ ನಿರ್ದೇಶಿಸಿದ, 2014ರಲ್ಲಿ ತೆರೆಕಂಡ ‘ಕಜಾಕಿ’ ಎಂಬ ಬ್ರಿಟಿಷ್ ಚಿತ್ರವನ್ನು ಮಾತ್ರ ಆ ಸಾಲಿಗೆ ಸೇರಿಸುವುದು ಕಷ್ಟ.

ಕಥೆ ಕಲ್ಪಿತವಲ್ಲ. ಅಫ್ಘಾನಿಸ್ತಾನದ ಹೆಲ್ಮಂದ್ ಪ್ರಾಂತದಲ್ಲಿ, ಕಜಾಕಿ ಅಣೆಕಟ್ಟಿನ ಕಾವಲಿಗಿದ್ದ ಕೆಲವು ಸೈನಿಕರು 2006ರ ಸೆಪ್ಟೆಂಬರ್ 6ರಂದು ಒಣಗಿದ ತೊರೆಯ ಪಾತ್ರಕ್ಕೆ ಇಳಿದರು. ಒಬ್ಬನ ಕಾಲಡಿಯಲ್ಲಿ ನೆಲಬಾಂಬು ಸಿಡಿಯಿತು. ನೆರವಿಗೆ ಬಂದವರಲ್ಲಿ ಮತ್ತೊಬ್ಬ, ಮಗದೊಬ್ಬ ಅದೇ ಗತಿಗೆ ಒಳಗಾದರು. ಚಿತ್ರದ ಹೆಚ್ಚಿನ ಭಾಗ ಇಷ್ಟೇ: ಬಿಸಿಲು, ನೀರಡಿಕೆ, ನೋವನ್ನು ಮರೆಯಲು ಆಡುವ ಒರಟು ಹಾಸ್ಯ, ಕಾಲೆತ್ತಲಾಗದ ಭಯ. ಎದುರಿಗೆ ಶತ್ರುವಿಲ್ಲ.

ಹಾಗಾದರೆ ಇಲ್ಲಿ ಹಿಂಸಕನಾರು? ಆ ಬಾಂಬುಗಳು 1980ರ ದಶಕದ ಸೋವಿಯತ್ ಆಕ್ರಮಣದ ಕಾಲದವು. ಹೂತವರಿಗೆ ಈ ತರುಣರ ಮೇಲೆ ದ್ವೇಷವಿರಲಿಲ್ಲ. ಇವರ ಗುರುತೇ ಇರಲಿಲ್ಲ. ಬಾಂಬಿಗಂತೂ ಕಷಾಯವಿಲ್ಲ. ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದನ್ನು ಆಚಾರ್ಯರು ಹಿಂಸಾದಾನವೆಂದರು. ಕೊಟ್ಟ ಕತ್ತಿಯನ್ನು ಪಶ್ಚಾತ್ತಾಪಪಟ್ಟು ಮರಳಿ ಕೇಳಬಹುದು. ನೆಲಕ್ಕೆ ಕೊಟ್ಟದ್ದನ್ನು ಕೇಳುವುದೆಂತು? ಅದು ಸೈನಿಕನೆಂದೂ ಕುರಿಗಾಹಿಯೆಂದೂ ಕುರಿಯೆಂದೂ ಭೇದವೆಣಿಸದು. 1997ರ ಒಟ್ಟಾವಾ ಒಪ್ಪಂದವು ಇಂಥ ಬಾಂಬುಗಳನ್ನು ನಿಷೇಧಿಸಿತು. ಭಾರತ ಅದಕ್ಕೆ ಸೇರಿಲ್ಲ. ಜೈನ ಸಭೆಗಳಲ್ಲಿ ಚರ್ಚೆಗೆ ಬರಬೇಕಾದ ಸಂಗತಿಯಿದು.

ಈರ್ಯಾಸಮಿತಿಯನ್ನು ಪಾಲಿಸುವ ಮುನಿಯು ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ ನಡೆಯುತ್ತಾನೆ, ಇರುವೆಯೂ ಸಾಯದಿರಲೆಂದು. ಚಿತ್ರದ ಸೈನಿಕರೂ ಅಂಗುಲ ಅಂಗುಲವಾಗಿ ನೆಲವನ್ನೇ ನೋಡುತ್ತಾರೆ, ತಾವು ಸಾಯದಿರಲೆಂದು. ಎರಡೂ ಒಂದೇ ಎನ್ನುವುದು ಅತಿರೇಕವಾದೀತು; ಅವರು ಶಸ್ತ್ರ ಹಿಡಿದು ಪರದೇಶಕ್ಕೆ ಬಂದವರು. ಆದರೂ ಸ್ವಂತ ಪ್ರಾಣದ ಭಯವನ್ನು ಮೀರಿದವರು ಅವರಲ್ಲಿಯೇ ಕಾಣಿಸುತ್ತಾರೆ. ಕಾರ್ಪೊರಲ್ ಮಾರ್ಕ್ ರೈಟ್ ಅಪಾಯವನ್ನರಿತೇ ಒಳಹೊಕ್ಕ; ತಾನು ಗಾಯಗೊಂಡ ಮೇಲೂ ಉಳಿದವರಿಗೆ ಧೈರ್ಯ ಹೇಳುತ್ತಿದ್ದು, ಹೆಲಿಕಾಪ್ಟರಿನಲ್ಲಿ ಪ್ರಾಣಬಿಟ್ಟ. ಮರಣಾನಂತರ ಅವನಿಗೆ ಜಾರ್ಜ್ ಕ್ರಾಸ್ ದೊರೆಯಿತು. ಗಾಯಾಳುಗಳ ಶುಶ್ರೂಷೆಗೆಂದಿದ್ದ ಪಾಲ್ ಹಾರ್ಟ್ಲಿ, ಬಿದ್ದವರನ್ನು ತಲಪಲು ದಾರಿ ಕಾಣದೆ, ಔಷಧದ ಚೀಲವನ್ನು ಮುಂದಕ್ಕೆಸೆದು ಅದರ ಮೇಲೆ ಹಾರಿ ನಿಂತ. ಮತ್ತೆ ಎತ್ತಿ ಮುಂದಕ್ಕೆಸೆದ.