ಮೆಟ್ಟಿಲು ಲೆಕ್ಕ ತಪ್ಪಿದ್ದು (ಗಾರೆ ಕೆಲಸದ ಕಥೆಗಳು, ಭಾಗ 4)

ಮೊದಲನೇ ಫೋಟೋ ನೋಡಿ ‘ವಾವ್, ಯಾವ್ ರೆಸಾರ್ಟ್ ಮಚ್ಚಾ’ ಅಂತ ಕಾಮೆಂಟ್ ಹಾಕ್ಬೇಡಿ. ಎಚ್.ಡಿ.ಕೋಟೆ ಕಡೆ, ಕಬಿನಿ ಹಿನ್ನೀರಿಗೆ ಹತ್ರ ಇರೋ ಒಂದು ಹೋಮ್‌ಸ್ಟೇ. ಹೆಸರು ಹೇಳಲ್ಲ. ನಾನು ಅಲ್ಲಿ ಈಜೋಕೆ ಹೋಗಿದ್ದಲ್ಲ, ಅಪ್ಪನ ಜೊತೆ ಸಿಮೆಂಟ್ ಕಲಸೋಕೆ ಹೋಗಿದ್ದು.

ಎರಡನೇ ಫೋಟೋಗೆ ಸ್ವೈಪ್ ಮಾಡಿ. ಅದೇ ಪೂಲ್, ನೀರಿಲ್ದೆ. ಮೇಲಿನ ಮೆಟ್ಟಿಲು ಸರಿಯಾಗಿ ನೋಡಿ. ಏನಾದ್ರೂ ಕಾಣ್ತಾ? ನಂಗೂ ಕಾಣ್ಲಿಲ್ಲ. ಅದೇ ಕಥೆ.

ಮಾಲೀಕರಿಗೆ ಪೂಲ್ ಸುತ್ತ ಹಳೇ ಟೈಲ್ಸ್ ಕಿತ್ತು ಕಲ್ಲು ಹಾಸಬೇಕಿತ್ತು. ಪೂಲ್ ಬಾಯಿಗೆ ಕೂರಿಸೋ ಅಂಚುಗಲ್ಲಿಗೆ ಕೋಪಿಂಗ್ ಅಂತಾರೆ, ಅದೂ ಹೊಸದು. ಜೊತೆಗೆ ಅವರ ತಾಯಿಗೆ ಮಂಡಿನೋವು, ಡಾಕ್ಟರು ನೀರಲ್ಲಿ ನಡೀರಿ ಅಂದಿದ್ರು, ಹಂಗಾಗಿ ಮೆಟ್ಟಿಲು ಸರಿ ಮಾಡಿಕೊಡಿ ಅಂತಾನೂ ಹೇಳಿದ್ರು. ಆ ಅಜ್ಜಿ ಪೂಲಿಗೆ ಇಳೀತಿದ್ದದ್ದು ಹಿಂದುಹಿಂದಾಗಿ, ಅಟ್ಟದ ಏಣಿ ಇಳಿಯೋ ಥರ.

ಅಪ್ಪ ಟೇಪು ನನ್ ಕೈಗೆ ಕೊಟ್ಟು, “ಡಿಪ್ಲೊಮಾ ಓದ್ತಿದ್ದೀಯಲ್ಲ, ನೀನೇ ಲೆಕ್ಕ ಹಾಕು ಮಗಾ” ಅಂದ್ರು. ಸೈಟಲ್ಲಿ ಇನ್ನಿಬ್ರು ಆಳುಗಳ ಮುಂದೆ ಹೇಳಿದ್ದು. ನನ್ ಎದೆ ಎಷ್ಟು ಉಬ್ತು ಅಂದ್ರೆ ಕೇಳ್ಬೇಡಿ.

ಅಳೆದೆ. ಪೂಲ್ ತಳದಿಂದ ಹಳೇ ಅಂಚಿನವರೆಗೆ 42 ಇಂಚು. ಒಳಗೆ 5 ಮೆಟ್ಟಿಲು, ಅಂದ್ರೆ ಕಾಲು ಇಳಿಯೋದು 6 ಸಲ. ಆರೇಳ್ಲಿ ನಲವತ್ತೆರಡು. ಎಲ್ಲಾ ಸಮ! “ಏನೂ ಒಡೆಯೋದು ಬೇಡಪ್ಪ, ತಳಕ್ಕೂ ಮೆಟ್ಟಿಲಿಗೂ ಹೊಸ ಟೈಲ್ಸ್ ಅಂಟಿಸಿದ್ರೆ ಮುಗೀತು, ಅಂಚಿಗೊಂದು ಬೇರೆ ಬಣ್ಣದ ಪಟ್ಟಿ ಕೊಡಣ” ಅಂದೆ. ಪಟ್ಟಿ ಐಡಿಯಾ ಮಾತ್ರ ಸರಿ ಇತ್ತು ಕಣ್ರೋ, ಅದನ್ನ ಈಗ್ಲೂ ಹೇಳ್ತೀನಿ. ನೀರು ಬೆಳಕನ್ನ ಬಗ್ಗಿಸುತ್ತೆ, ಮೇಲಿಂದ ನೋಡಿದ್ರೆ 4 ಅಡಿ ಆಳ 3 ಅಡಿ ಥರ ಕಾಣುತ್ತೆ. ಒಂದೇ ಬಣ್ಣದ ಟೈಲ್ಸ್ ಆದ್ರೆ ಮೆಟ್ಟಿಲು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ.

ಟೈಲ್ಸ್ ಆಯ್ತು. ಆಮೇಲೆ ಕೋಪಿಂಗ್ ಕೂರಿಸಿದ್ವಿ. ಕಲ್ಲಿಗೆ ಪಾಲಿಶ್ ಮಾಡಿಸಿರ್ಲಿಲ್ಲ, ಬೆಂಕಿ ಹಾಯಿಸಿ ತರಿತರಿ ಮಾಡಿದ್ದು, ಒದ್ದೆ ಕಾಲು ಜಾರಬಾರದು ಅಂತ. ಹೊರಗಿನ ಹಾಸಿಗೂ ಅಂಚುಗಲ್ಲಿಗೂ ಮಧ್ಯೆ ಸಂದು ಬಿಟ್ವಿ, ಬಿಸಿಲಿಗೆ ಹಿಗ್ಗಿ ಒಂದನ್ನೊಂದು ತಳ್ಳಬಾರದಲ್ಲ. ಹಾಸಿನ ಇಳಿಜಾರು ಪೂಲಿಂದ ಆಚೆ ಕಡೆಗೆ. ಎಲ್ಲಾ ಚೆಂದ.

ಸಾಯಂಕಾಲ ಅಜ್ಜಿ ನೋಡೋಕ್ ಬಂದ್ರು. ಖಾಲಿ ಪೂಲೇ ತಾನೇ ಅಂತ ಅಂಚಲ್ಲಿ ನಿಂತು ಒಂದ್ ಕಾಲು ಇಳಿಸಿದ್ರು. ಕಾಲು ಇಳೀತಾನೇ ಹೋಯ್ತು, ಮೆಟ್ಟಿಲು ಸಿಗ್ಲಿಲ್ಲ. ಕೆಳಗಿದ್ದ ಅಪ್ಪನ ಭುಜ ಹಿಡ್ಕೊಂಡಿದ್ದಕ್ಕೆ ಬಚಾವು.

“ಇಲ್ಲಿದ್ದ ಮೆಟ್ಲು ಎಲ್ಲೋಯ್ತು ಕಣ್ ಮಗ?” ಅಂದ್ರು ನನ್ನ ನೋಡ್ಕೊಂಡು. ನಗ್ತಾನೇ ಅಂದ್ರು, ಕೈ ಮಾತ್ರ ನಡುಗ್ತಿತ್ತು.

ಅಪ್ಪ ಟೇಪ್ ಹಿಡಿದ್ರು. 10 ಇಂಚು. ಮಿಕ್ಕಿದ್ದೆಲ್ಲಾ ಏಳೇ.

“ಕಲ್ಲಿನ ದಪ್ಪ ಸೇರುಸ್ದ್ಯಾ?”

ಕಲ್ಲು ಒಂದೂವರೆ ಇಂಚು, ಅದರ ಕೆಳಗಿನ ಗಾರೆ ಒಂದೂವರೆ. 3 ಇಂಚು ನನ್ ಲೆಕ್ಕದಲ್ಲೇ ಇರ್ಲಿಲ್ಲ. ಬೈದಿದ್ರೆ ಚೆನ್ನಾಗಿರೋದು. ಅಪ್ಪ ಬೈಲಿಲ್ಲ, ಬೀಡಿ ಹಚ್ಕೊಂಡು ಮೋಡ ನೋಡಿದ್ರು.

ಮೋಡ ಯಾಕೆ ಅಂತ ಆಮೇಲೆ ಅರ್ಥ ಆಯ್ತು. ಮೇ ಕೊನೆ. ಮಳೆ ಹಿಡಿದು ನೆಲದೊಳಗೆ ನೀರು ಏರಿದ್ರೆ ಖಾಲಿ ಪೂಲನ್ನ ಕೆಳಗಿಂದ ಒತ್ತುತ್ತೆ, ದೋಣಿ ಥರ ಮೇಲಕ್ಕೆತ್ತಿ ಬಿರುಕು ಬಿಡಿಸುತ್ತೆ. ಖಾಲಿ ಇಡೋ ಒಂದೊಂದು ದಿನಾನೂ ಭಯದ್ದೇ. ಮಾಲೀಕರು “ಇರ್ಲಿ ಬಿಡಿ ಮೇಸ್ತ್ರಿ, ಒಂದು ಸ್ಟೀಲ್ ಏಣಿ ಹಾಕಿದ್ರಾಯ್ತು” ಅಂದ್ರು. ಅಪ್ಪ ಒಪ್ಪಲಿಲ್ಲ. “ಅಮ್ಮಾರು ಏಣಿ ಹತ್ತೋ ಹಂಗಿದ್ರೆ ಮೆಟ್ಲು ಯಾಕ್ ಬೇಕಿತ್ತು ಸಾ?”

ಈಗ ಹೊಸ ಲೆಕ್ಕ ಕೇಳಿ, ಸಿವಿಲ್‌ನೋರು ಸೇವ್ ಮಾಡ್ಕೊಳಿ. 45ನ್ನ 6ರಿಂದ ಭಾಗಿಸಿದ್ರೆ ಏಳೂವರೆ. ಕೆಳಗಿನ ಮೆಟ್ಟಿಲು ಅರ್ಧ ಇಂಚು ಏರಬೇಕು, ಅದರ ಮೇಲಿಂದು 1, ಆಮೇಲೆ ಒಂದೂವರೆ, 2, ಕೊನೇದು ಎರಡೂವರೆ. ಹೊಸಾ ಟೈಲ್ಸ್ ಅಷ್ಟೂ ಕಿತ್ತು, ಕಾಂಕ್ರೀಟ್ ಮೈಯನ್ನ ಉಳಿಯಲ್ಲಿ ಕಚ್ಚು ಮಾಡಿದ್ವಿ, ಇಲ್ದಿದ್ರೆ ಹೊಸ ಪದರ ಹಿಡಿಯಲ್ಲ. ಅರ್ಧ ಇಂಚಿನ ಪದರಕ್ಕೆ ಬರೀ ಸಿಮೆಂಟ್ ಸಾಲಲ್ಲ, ಲ್ಯಾಟೆಕ್ಸ್ ಸೇರಿಸಿದ ಗಾರೆ ಬೇಕು. ಮೇಲೆ ಒದ್ದೆ ಗೋಣಿಚೀಲ, ಆಮೇಲೆ ವಾಟರ್‌ಪ್ರೂಫ್ ಕೋಟು, ಆಮೇಲೆ ಟೈಲ್ಸ್. ರಾತ್ರಿ ಎರಡು ಸಲ ಮಳೆ ಬಂತು. ಅಪ್ಪ ಪಂಪ್ ಪಕ್ಕದಲ್ಲೇ ಮಲಗಿದ್ರು. ಅಷ್ಟು ದಿನದ ಕೂಲಿ ಅಪ್ಪಂದು ಸೊನ್ನೆ, ಆಳುಗಳಿಗೆ ಮಾತ್ರ ಕೈಯಿಂದ ಕೊಟ್ರು. ನನ್ ಮುಂದಿನ ಸೆಮಿಸ್ಟರ್ ಫೀಸಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಅದು ಅಂತ ಅಮ್ಮ ಆಮೇಲೆ ಹೇಳಿದ್ರು.

ನಾವು ಕೆ.ಆರ್.ನಗರದೋರು. ಎಡತೊರೆ ಅರ್ಕೇಶ್ವರನ ಗುಡಿ ಹತ್ರ ಹೊಳೆಗಿಳಿದು ಬೆಳೆದೋರಿಗೆ ಒಂದು ರೂಢಿ ಇರುತ್ತೆ ನೋಡಿ, ಕಾಲಿನ ಹೆಬ್ಬೆಟ್ಟಲ್ಲಿ ತಡಕಿ ತಡಕಿ ಇಳಿಯೋದು. ಹೊಳೆ ಏರುತ್ತೆ, ಇಳಿಯುತ್ತೆ, ಪಾಚಿ ಕಟ್ಟುತ್ತೆ, ಅಲ್ಲಿ ಕಲ್ಲನ್ನ ಯಾರೂ ನಂಬಲ್ಲ. ಪೂಲಲ್ಲಿ ಹಂಗಲ್ಲ. ಮೊದಲ ಮೆಟ್ಟಿಲಿನ ಅಳತೇನ ಕಾಲು ನೆನಪಿಟ್ಕೊಂಡು ಮಿಕ್ಕಿದ್ದಕ್ಕೂ ಅದನ್ನೇ ನಂಬಿ ಇಳಿಯುತ್ತೆ. ಹೈಸ್ಕೂಲ್ ಟ್ರಿಪ್ಪಲ್ಲಿ ಹಂಪಿಯ ಮಹಾನವಮಿ ದಿಬ್ಬದ ಹತ್ರದ ಮೆಟ್ಟಿಲು ಕೊಳ ನೋಡಿದ್ವಲ್ಲ, 1980ರ ದಶಕದಲ್ಲಿ ಅಗೆದು ತೆಗೆದಿದ್ದು? ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಎಷ್ಟನೇ ಸಾಲು ಅಂತೆಲ್ಲಾ ಗುರುತು ಕೆತ್ತವ್ರೆ. ಆವತ್ತು ನಾವು ಅದರ ಮುಂದೆ ಸೆಲ್ಫಿ ತೆಗೀತಿದ್ವಿ.

ಕೊನೇ ಫೋಟೋ ಅಜ್ಜಿದು, ಮುಖ ಬರದಂಗೆ ಕಾಲು ಮಾತ್ರ, ಅವರನ್ನ ಕೇಳೇ ಹಾಕಿದ್ದೀನಿ. ಮುಂದಕ್ಕೆ ಮುಖ ಮಾಡಿ ಇಳೀತಿದ್ದಾರೆ. ಪಕ್ಕದ ಗೋಡೆ ಮೇಲೆ ಪೆನ್ಸಿಲಲ್ಲಿ ಬರೆದಿರೋ 45 ಅಪ್ಪನ ಕೈಬರಹ, ಅದರ ಕೆಳಗೆ ಎರಡು ಸಲ ಗೀಟು ಎಳೆದಿರೋದೂ ಅವರೇ. ಬಣ್ಣ ಹೊಡೆಯೋನು ಬರೋ ಮುಂಚೆ ತೆಗೆದಿದ್ದು.

ಭಾಗ 5 ಪಿರಿಯಾಪಟ್ಟಣದ ತಂಬಾಕು ಬ್ಯಾರನ್ ರಿಪೇರಿ. ಅಲ್ಲಿ ಟೇಪು ಅಪ್ಪನ ಕೈಲೇ ಇತ್ತು.